ಮೊಟ್ಟೆ ಕದಿಯದ ಕಳ್ಳ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಏಳು ವರ್ಷದ ಮೊಮ್ಮಗಳು ಒಂದು ಪುಸ್ತಕ ತಂದು ನನ್ನ ಮಡಿಲಲ್ಲಿ ಬಿಡಿಸಿಟ್ಟಳು. ಪೇಟೆಯ ಹಳೆ ಪುಸ್ತಕದ ಅಂಗಡಿಯಿಂದ ಅವಳ ತಂದೆ ಕೊಂಡು ತಂದದ್ದು. ಪುಟಗಳ ಮೂಲೆ ಮಡಚಿಹೋಗಿದ್ದ, ಡೈನೋಸಾರ್‌ಗಳ ಬಣ್ಣದ ಚಿತ್ರಗಳಿದ್ದ ಪುಸ್ತಕ. ಅವಳು ತೋರಿಸಿದ ಪುಟದಲ್ಲಿ ಗಿಳಿಯ ಕೊಕ್ಕಿನಂಥ ಬಾಯಿಯ, ತೆಳ್ಳನೆಯ ಮೈಯ ಪ್ರಾಣಿಯೊಂದು ಬಾಯಲ್ಲಿ ಮೊಟ್ಟೆ ಕಚ್ಚಿಕೊಂಡು ಓಡುತ್ತಿತ್ತು. ಹಿಂದಿನಿಂದ ಗಿಡ್ಡ ಕಾಲುಗಳ ಇನ್ನೊಂದು ಪ್ರಾಣಿ ಸಿಟ್ಟಿನಿಂದ ಅಟ್ಟಿಸಿಕೊಂಡು ಬರುತ್ತಿತ್ತು.

"ನೋಡಿ ಅಜ್ಜಾ, ಇವನು ಕಳ್ಳ" ಎಂದಳು.

"ಕಳ್ಳ ಅಂತ ನಿನಗೆ ಯಾರು ಹೇಳಿದರು?"

ಏನೂ ತಿಳಿಯದವನನ್ನು ನೋಡುವಂತೆ ನನ್ನನ್ನು ನೋಡಿ, "ಚಿತ್ರದಲ್ಲೇ ಇದೆಯಲ್ಲ!" ಎಂದಳು.

ಆ ಉತ್ತರ ನನ್ನನ್ನು ಎಲ್ಲೋ ಚುಚ್ಚಿತು. ಯಾಕೆ ಚುಚ್ಚಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ ಪ್ರಾಣಿಯ ಕತೆಯನ್ನು ಹೇಳಬೇಕು. ಯಾಕೆಂದರೆ ಈ ಪ್ರಾಣಿ ಕಳ್ಳನಾಗಿರಲಿಲ್ಲ. ಅದನ್ನು ಕಳ್ಳನೆಂದು ಕರೆದವರೂ ಕೆಟ್ಟವರಾಗಿರಲಿಲ್ಲ. ಹಾಗಿದ್ದೂ ಅದರ ಮೇಲೆ ಬಿದ್ದ ಕಳಂಕ ನೂರು ವರ್ಷ ಕಳೆದರೂ ಪೂರ್ತಿ ಅಳಿದಿಲ್ಲ. ಇದು ಹೇಗಾಯಿತು?

ಡೈನೋಸಾರ್‌ಗಳ ಯಾವ ಚಿತ್ರವೂ ಕಂಡು ಬರೆದ ಚಿತ್ರವಲ್ಲ ಎಂಬುದು ನಮಗೆಲ್ಲ ಗೊತ್ತು, ಆದರೂ ನೋಡುವಾಗ ಮರೆತುಹೋಗುತ್ತದೆ. ಹಕ್ಕಿಗಳನ್ನು ಬಿಟ್ಟರೆ ಆ ಕುಲ ಭೂಮಿಯಿಂದ ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಮನುಷ್ಯ ಈ ಭೂಮಿಯ ಮೇಲೆ ಕಾಣಿಸಿಕೊಂಡು ಮೂರು ಲಕ್ಷ ವರ್ಷಗಳಾದವೆಂದು ಲೆಕ್ಕ. ಅಂದರೆ ಅವುಗಳ ಬಣ್ಣ, ನಡಿಗೆ, ಕೂಗು, ಸಿಟ್ಟು, ಪ್ರೀತಿ ಯಾವುದಕ್ಕೂ ಒಬ್ಬನೇ ಒಬ್ಬ ಸಾಕ್ಷಿಯಿಲ್ಲ. ಇರುವುದು ಕಲ್ಲಾದ ಮೂಳೆ, ಹಲ್ಲು, ಹೆಜ್ಜೆಗುರುತು, ಮೊಟ್ಟೆಯ ಚಿಪ್ಪು. ಉಳಿದದ್ದೆಲ್ಲ ಮೂಳೆಯನ್ನು ನೋಡಿದವನ ಊಹೆ. ಹಾಗಾದರೆ ಕಾಣದ್ದನ್ನು ಕಂಡಂತೆ ಚಿತ್ರಿಸುವುದು ಸುಳ್ಳು ಹೇಳಿದಂತೆ ಅಲ್ಲವೇ? ಸುಳ್ಳಲ್ಲದಿದ್ದರೆ, ಅದು ಯಾವಾಗ ಸುಳ್ಳಾಗುತ್ತದೆ?

1923ರ ಜುಲೈ ತಿಂಗಳಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ, ಸಂಜೆಯ ಬಿಸಿಲಿಗೆ ಕೆಂಡದಂತೆ ಹೊಳೆಯುವ ಬಂಡೆಗಳ ಸಾಲಿನಲ್ಲಿ, ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ತಂಡವೊಂದು ಬಿಡಾರ ಹೂಡಿತ್ತು. ತಂಡದ ನಾಯಕ ರಾಯ್ ಚಾಪ್‌ಮನ್ ಆಂಡ್ರ್ಯೂಸ್. ಅವನ ಸಹಾಯಕ ಜಾರ್ಜ್ ಓಲ್ಸೆನ್ ಮರಳುಗಲ್ಲಿನಲ್ಲಿ ಉದ್ದನೆಯ ಮೊಟ್ಟೆಗಳ ಗೂಡೊಂದನ್ನು ಕಂಡ. ಡೈನೋಸಾರ್‌ಗಳು ಮೊಟ್ಟೆಯಿಡುತ್ತಿದ್ದವು ಎಂಬುದಕ್ಕೆ ಕಣ್ಣಿಗೆ ಕಾಣುವ ಪುರಾವೆ ಸಿಕ್ಕಿತೆಂದು ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಆ ಮೊಟ್ಟೆಗಳು ಯಾರವು? ಆ ಬಂಡೆಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಪ್ರೊಟೊಸೆರಟಾಪ್ಸ್ ಎಂಬ, ಕುರಿಯ ಗಾತ್ರದ ಸಸ್ಯಾಹಾರಿಯ ಮೂಳೆಗಳು. ಮೊಟ್ಟೆಗಳೂ ಅದರದ್ದೇ ಇರಬೇಕೆಂದು ತೀರ್ಮಾನವಾಯಿತು. ಊಹೆ ಅಸಹಜವಾದದ್ದೇನಲ್ಲ. ಊರಿನಲ್ಲಿ ಹೆಚ್ಚು ಮನೆಗಳು ಯಾರವೋ, ದಾರಿಯಲ್ಲಿ ಸಿಕ್ಕ ವಸ್ತುವೂ ಅವರದ್ದೇ ಇರಬೇಕೆಂದು ನಾವೂ ಅಂದುಕೊಳ್ಳುತ್ತೇವೆ.

ಆದರೆ ಆ ಗೂಡಿನ ಮೇಲೆ ಇನ್ನೊಂದು ಪ್ರಾಣಿಯ ಅಸ್ಥಿಪಂಜರ ಬಿದ್ದಿತ್ತು. ಬಾಯಲ್ಲಿ ಹಲ್ಲಿಲ್ಲ, ಗಟ್ಟಿಯಾದ ಕೊಕ್ಕು. ಅದರ ತಲೆಬುರುಡೆಗೂ ಮೊಟ್ಟೆಗಳಿಗೂ ನಡುವೆ ಇದ್ದದ್ದು ಸುಮಾರು 10 ಸೆಂಟಿಮೀಟರ್ ಮರಳು. ಮೊಟ್ಟೆ ಬೇರೆಯವರದ್ದು, ಹತ್ತಿರವಿದ್ದವನು ಇವನು. ಹಾಗಾದರೆ ಇವನು ಬಂದದ್ದೇಕೆ? ಕದಿಯಲು. ಮ್ಯೂಸಿಯಂನ ಅಧ್ಯಕ್ಷ ಹೆನ್ರಿ ಫೇರ್‌ಫೀಲ್ಡ್ ಓಸ್ಬರ್ನ್ 1924ರಲ್ಲಿ ಆ ಪ್ರಾಣಿಗೆ ಒವಿರಾಪ್ಟರ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರ ಅರ್ಥ ಮೊಟ್ಟೆಗಳ್ಳ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಓಸ್ಬರ್ನ್ ಮೂರ್ಖನಲ್ಲ. ಈ ಹೆಸರು ಪ್ರಾಣಿಯ ಆಹಾರದ ಬಗ್ಗೆ ನಮ್ಮನ್ನು ಪೂರ್ತಿ ದಾರಿ ತಪ್ಪಿಸಬಹುದು, ಅದರ ನಿಜವಾದ ಗುಣಕ್ಕೆ ವಿರುದ್ಧವೂ ಆಗಿರಬಹುದು ಎಂದು ಅದೇ ಪ್ರಬಂಧದಲ್ಲಿ ಅವನೇ ಬರೆದಿದ್ದಾನೆ. ಅವನ ಮನಸ್ಸಿನಲ್ಲಿ ಸಂಶಯವಿತ್ತು. ಸಂಶಯವಿದ್ದೂ ಹೆಸರಿಟ್ಟ. ಆಮೇಲೆ ಆದದ್ದೇನು? ಸಂಶಯದ ವಾಕ್ಯ ಪ್ರಬಂಧದ ಒಳಗೇ ಉಳಿಯಿತು. ಹೆಸರು ಮಾತ್ರ ಹೊರಗೆ ಬಂದು ಜಗತ್ತು ಸುತ್ತಿತು. ಚಿತ್ರಕಾರರು ಹೆಸರನ್ನು ಓದಿ ಚಿತ್ರ ಬರೆದರು. ಮಕ್ಕಳು ಚಿತ್ರವನ್ನು ನೋಡಿ ಹೆಸರನ್ನು ನಂಬಿದರು. ಮೊಟ್ಟೆ ಕಚ್ಚಿಕೊಂಡು ಓಡುವ ಒವಿರಾಪ್ಟರ್ ಎರಡು ಮೂರು ತಲೆಮಾರುಗಳ ಪುಸ್ತಕಗಳಲ್ಲಿ ಓಡುತ್ತಲೇ ಇತ್ತು.

ಎಪ್ಪತ್ತು ವರ್ಷಗಳ ನಂತರ, 1993ರಲ್ಲಿ, ಅದೇ ಮ್ಯೂಸಿಯಂ ಮಂಗೋಲಿಯಾದ ವಿಜ್ಞಾನಿಗಳ ಜೊತೆಗೂಡಿ ಗೋಬಿಯ ಉಖಾ ತೊಲ್ಗೊದ್ ಎಂಬಲ್ಲಿ ಅಗೆಯುತ್ತಿತ್ತು. ಅಲ್ಲಿ ಸಿಕ್ಕ ಒಂದು ಮೊಟ್ಟೆ ಒಡೆದಿತ್ತು, ಒಳಗೆ ಭ್ರೂಣದ ಪುಟ್ಟ ಮೂಳೆಗಳಿದ್ದವು. ಹಿಂದೆ ಪ್ರೊಟೊಸೆರಟಾಪ್ಸ್‌ನದ್ದೆಂದು ಹೇಳಿದ್ದ ಅದೇ ಬಗೆಯ ಮೊಟ್ಟೆ. ಆದರೆ ಒಳಗಿದ್ದ ಮರಿ ಪ್ರೊಟೊಸೆರಟಾಪ್ಸ್‌ನ ಮರಿಯಾಗಿರಲಿಲ್ಲ. ಅದು ಒವಿರಾಪ್ಟರ್ ಕುಟುಂಬದ್ದು. ಅದೇ ವರ್ಷ ಅದೇ ಜಾಗದಲ್ಲಿ ಒವಿರಾಪ್ಟರ್‌ನ ಹತ್ತಿರದ ಬಂಧುವೊಂದರ ಅಸ್ಥಿಪಂಜರವೂ ಸಿಕ್ಕಿತು. ಅದು ಮೊಟ್ಟೆಗಳ ನಟ್ಟನಡುವೆ ಕಾಲು ಮಡಚಿ ಕೂತಿತ್ತು. ಎರಡೂ ಮುಂಗೈಗಳು ಗೂಡಿನ ಸುತ್ತ ಚಾಚಿದ್ದವು. ಕಾವಿಗೆ ಕೂತ ಕೋಳಿ ರೆಕ್ಕೆ ಹರಡಿ ಮೊಟ್ಟೆ ಮುಚ್ಚುವುದನ್ನು ಕಂಡವರಿಗೆ ಅದು ಏನು ಮಾಡುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮರಳು ಬಂದು ಮುಚ್ಚುವವರೆಗೂ ಅದು ಗೂಡು ಬಿಟ್ಟು ಏಳಲಿಲ್ಲ.

ಅಂದರೆ 1923ರಲ್ಲಿ ಸಿಕ್ಕ ಪ್ರಾಣಿಯೂ ಬಹುಮಟ್ಟಿಗೆ ತನ್ನದೇ ಗೂಡಿನ ಬಳಿ ಸತ್ತಿತ್ತು. ಅದು ಮೊಟ್ಟೆಗಳ ಹತ್ತಿರವಿದ್ದದ್ದು ನಿಜ. ಹತ್ತಿರವಿರಲು ಕಾರಣ ಮಾತ್ರ ನಾವು ಹೊರಿಸಿದ ಕಾರಣಕ್ಕೆ ತದ್ವಿರುದ್ಧವಾಗಿತ್ತು. ಯಾವ ಮೂಳೆಗಳು ಅದರ ಕಳ್ಳತನಕ್ಕೆ ಸಾಕ್ಷಿಯೆಂದು ಹೇಳಲಾಯಿತೋ ಅವೇ ಮೂಳೆಗಳು ಅದರ ಮಮತೆಗೆ ಸಾಕ್ಷಿಯಾಗಿದ್ದವು. ಸಾಕ್ಷ್ಯ ಬದಲಾಗಲಿಲ್ಲ, ಓದಿದ ಕಣ್ಣು ಬದಲಾಯಿತು.

ಇದನ್ನು ಓದಿದ ಕೆಲವರು, ಹಾಗಾದರೆ ಕಾಣದ್ದನ್ನು ಚಿತ್ರಿಸುವ ಗೊಡವೆಯೇ ಬೇಡ, ಮೂಳೆಯನ್ನು ಮೂಳೆಯೆಂದು ಇಟ್ಟರೆ ಸಾಕು ಎನ್ನಬಹುದು. ನಾನು ಒಪ್ಪಲಾರೆ. ಊಹಿಸದೆ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಇದಕ್ಕೆ ಈ ಚಿತ್ರಗಳ ಚರಿತ್ರೆಯಲ್ಲೇ ಉದಾಹರಣೆಗಳಿವೆ.

ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಮೇರಿ ಆನಿಂಗ್ ಎಂಬ ಬಡಗಿಯ ಮಗಳಿದ್ದಳು. ಕುಸಿಯುವ ಕಡಲ ಬಂಡೆಗಳಲ್ಲಿ ಜೀವ ಪಣಕ್ಕಿಟ್ಟು ಪಳೆಯುಳಿಕೆ ಹುಡುಕಿ ಮಾರುವುದು ಅವಳ ಜೀವನೋಪಾಯ. ಸಮುದ್ರದ ದೈತ್ಯ ಸರೀಸೃಪಗಳ ಎಷ್ಟೋ ಅಸ್ಥಿಪಂಜರಗಳನ್ನು ಜಗತ್ತಿಗೆ ಕೊಟ್ಟವಳು ಅವಳು. ಅವುಗಳ ಮೇಲೆ ಪ್ರಬಂಧ ಬರೆದು ಹೆಸರು ಮಾಡಿದವರು ಗಂಡಸರು. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದೇ 1919ರಲ್ಲಿ. 1847ರಲ್ಲಿ ತೀರಿಕೊಂಡ ಆನಿಂಗ್‌ಗೆ ಆ ಬಾಗಿಲು ತೆರೆಯಲೇ ಇಲ್ಲ. ಅವಳು ಹಣದ ಮುಗ್ಗಟ್ಟಿನಲ್ಲಿದ್ದಾಗ ಭೂವಿಜ್ಞಾನಿ ಹೆನ್ರಿ ಡಿ ಲ ಬೆಶ್ 1830ರಲ್ಲಿ ಒಂದು ಜಲವರ್ಣ ಚಿತ್ರ ಬರೆದ. ಅವಳು ಕಂಡುಹಿಡಿದ ಪ್ರಾಣಿಗಳೆಲ್ಲ ಅದರಲ್ಲಿ ಜೀವ ತಳೆದು ಈಜುತ್ತಿದ್ದವು, ಒಂದನ್ನೊಂದು ಹಿಡಿಯುತ್ತಿದ್ದವು. ಪಳೆಯುಳಿಕೆಗಳ ಆಧಾರದ ಮೇಲೆ ಪ್ರಾಚೀನ ಜೀವಲೋಕವೊಂದನ್ನು ಇಡಿಯಾಗಿ ಕಲ್ಪಿಸಿದ ಮೊದಲ ಚಿತ್ರಗಳಲ್ಲಿ ಅದೂ ಒಂದು. ಅದರ ಮುದ್ರಿತ ಪ್ರತಿಗಳನ್ನು ಮಾರಿ ಬಂದ ಹಣವನ್ನು ಆನಿಂಗ್‌ಗೆ ಕೊಟ್ಟ. ಆ ಚಿತ್ರದಲ್ಲಿ ತಪ್ಪುಗಳಿವೆ. ಆದರೆ ಹುಡುಕಿದವಳ ಋಣವನ್ನು ನೆನೆದು ಬರೆದ ಚಿತ್ರವದು.

ಇನ್ನೊಂದು ಉದಾಹರಣೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದ್ದು. 1854ರಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಅಲ್ಲಿ ಅಳಿದುಹೋದ ಪ್ರಾಣಿಗಳ ಮೂವತ್ತಕ್ಕೂ ಹೆಚ್ಚು ದೊಡ್ಡ ಪ್ರತಿಮೆಗಳನ್ನು ನಿಲ್ಲಿಸಿದ. ಅವುಗಳಲ್ಲಿ ಇಗ್ವಾನೊಡಾನ್ ಎಂಬ ಡೈನೋಸಾರ್ ಖಡ್ಗಮೃಗದ ಹಾಗೆ ನಾಲ್ಕು ದಪ್ಪ ಕಾಲುಗಳ ಮೇಲೆ ನಿಂತಿದೆ, ಮೂಗಿನ ಮೇಲೆ ಕೊಂಬಿದೆ. ಈ ಪ್ರಾಣಿಗೆ 1825ರಲ್ಲಿ ಹೆಸರಿಟ್ಟವನು ಗಿಡಿಯಾನ್ ಮ್ಯಾಂಟೆಲ್ ಎಂಬ ವೈದ್ಯ. ಅವನಿಗೆ ಸಿಕ್ಕಿದ್ದ ಚೂರುಗಳಲ್ಲಿ ಚೂಪಾದ ಒಂದು ಮೂಳೆಯೂ ಇತ್ತು. ಅದನ್ನು ಎಲ್ಲಿಡುವುದು? ಮೂಗಿನ ಮೇಲಿಟ್ಟ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ, 300 ಮೀಟರಿಗಿಂತ ಆಳದಲ್ಲಿ, ಈ ಪ್ರಾಣಿಯ ಹತ್ತಾರು ಇಡೀ ಅಸ್ಥಿಪಂಜರಗಳು ಸಿಕ್ಕಿದವು. ಆ ಚೂಪು ಮೂಳೆ ಒಂದಲ್ಲ, ಎರಡು. ಎರಡೂ ಮುಂಗೈಯ ಹೆಬ್ಬೆರಳುಗಳು! ಮೂಗಿನ ಕೊಂಬು ಹೀಗೆ ಕೈಗೆ ಇಳಿಯಿತು. ಲೂಯಿ ಡೋಲೋ ಎಂಬ ವಿಜ್ಞಾನಿ ಆ ಅಸ್ಥಿಪಂಜರಗಳನ್ನು ಕಾಂಗರೂವಿನ ಹಾಗೆ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಹಾಗೆ ನಿಲ್ಲಿಸಲು ನೆಟ್ಟಗಿದ್ದ ಬಾಲವನ್ನು ಬಗ್ಗಿಸಬೇಕಾಯಿತು. ನೂರು ವರ್ಷಗಳ ನಂತರ ಅದೂ ತಪ್ಪೆಂದು ತಿಳಿಯಿತು. ಮೈಯನ್ನು ನೆಲಕ್ಕೆ ಸಮಾನಾಂತರವಾಗಿಟ್ಟುಕೊಂಡು, ಬೇಕೆಂದಾಗ ನಾಲ್ಕು ಕಾಲೂರಿ ನಡೆಯುವ ಪ್ರಾಣಿಯೆಂದು ಈಗ ಚಿತ್ರಿಸುತ್ತಾರೆ.

ಈ ತಪ್ಪುಗಳಿಗೆ ಯಾರಾದರೂ ನಾಚಬೇಕೇ? ಬೇಡ. ಮೂಗಿನ ಮೇಲೆ ಕೊಂಬಿಟ್ಟು ಚಿತ್ರ ಬರೆದದ್ದರಿಂದಲೇ ಅದು ಮೂಗಿನದ್ದಲ್ಲ ಎಂದು ಮುಂದಿನವನು ಹೇಳಲು ಸಾಧ್ಯವಾಯಿತು. ಕ್ರಿಸ್ಟಲ್ ಪ್ಯಾಲೇಸಿನ ಆ ಪ್ರತಿಮೆಗಳು ಈಗಲೂ ಮೂಗಿನ ಕೊಂಬಿನೊಂದಿಗೇ ನಿಂತಿವೆ. ಒಡೆದು ಸರಿಪಡಿಸುವ ಬದಲು ಅವರು ಅವನ್ನು ಹಾಗೆಯೇ ಕಾಪಾಡುತ್ತಿದ್ದಾರೆ. ನಾವು ಹೇಗೆ ತಪ್ಪಿದೆವು ಎಂಬ ನೆನಪನ್ನು ಇಟ್ಟುಕೊಳ್ಳುವುದೂ ಒಂದು ಬಗೆಯ ಪ್ರಾಮಾಣಿಕತೆ.

ಹಾಗಿದ್ದರೆ ಮೂಗಿನ ಮೇಲಿನ ಕೊಂಬಿಗೂ ಮೊಟ್ಟೆಗಳ್ಳನೆಂಬ ಹೆಸರಿಗೂ ವ್ಯತ್ಯಾಸವೇನು? ಎರಡೂ ಊಹೆ, ಎರಡೂ ತಪ್ಪು. ನನಗೆ ಕಾಣುವ ವ್ಯತ್ಯಾಸವಿದು: ಮೊದಲನೆಯದು ರೂಪದ ಬಗ್ಗೆ ಮಾಡಿದ ತಪ್ಪು, ಎರಡನೆಯದು ಗುಣದ ಬಗ್ಗೆ ಕೊಟ್ಟ ತೀರ್ಪು. ಕೊಂಬು ಎಲ್ಲಿತ್ತು ಎಂಬ ಪ್ರಶ್ನೆಗೆ ಇನ್ನೊಂದು ಮೂಳೆ ಸಿಕ್ಕರೆ ಉತ್ತರ ಸಿಗುತ್ತದೆ, ಎಲ್ಲರೂ ಅದಕ್ಕಾಗಿ ಕಾಯುತ್ತಿರುತ್ತಾರೆ. ಕಳ್ಳನೆಂದು ಒಮ್ಮೆ ತೀರ್ಮಾನವಾದ ಮೇಲೆ ಮಾತ್ರ ಯಾರೂ ಕಾಯುವುದಿಲ್ಲ. ಮೊಟ್ಟೆ ಯಾರದ್ದೆಂದು ಮತ್ತೆ ಕೇಳಬೇಕೆಂದು ಏಳು ದಶಕ ಹೆಚ್ಚಿನವರಿಗೆ ಅನಿಸಲೇ ಇಲ್ಲ. ಕತೆ ಚೆನ್ನಾಗಿತ್ತು, ಚಿತ್ರ ಇನ್ನೂ ಚೆನ್ನಾಗಿತ್ತು. ಚೆಂದದ ಕತೆಯನ್ನು ಕೆಡಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ?

ಕಾಣದ್ದರ ಬಗ್ಗೆ ಹೇಗೆ ಮಾತಾಡಬೇಕೆಂಬುದಕ್ಕೆ ನಮ್ಮ ನೆಲವನ್ನೇ ಕುರಿತು ಸಾವಿರ ವರ್ಷ ಹಿಂದೆ ಬರೆದ ಅಲ್ ಬಿರೂನಿಯಲ್ಲಿ ಒಂದು ಮಾದರಿಯಿದೆ. ಸುಮಾರು 1030ರಲ್ಲಿ ಮುಗಿಸಿದ ಭಾರತದ ಕುರಿತ ತನ್ನ ಗ್ರಂಥವನ್ನು ಅವನು ಆರಂಭಿಸುವುದೇ ಕೇಳಿದ ಮಾತು ಕಣ್ಣಾರೆ ಕಂಡದ್ದಕ್ಕೆ ಸಮನಲ್ಲ ಎಂಬ ವಿವೇಚನೆಯಿಂದ. ಮುಂದೆ ಒಂದು ಕಡೆ, ಉತ್ತರ ಭಾರತದ ಬಯಲು ಹಿಂದೊಮ್ಮೆ ಸಮುದ್ರವಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿರಬೇಕು ಎನ್ನುತ್ತಾನೆ. ಆ ಸಮುದ್ರವನ್ನು ಅವನು ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ. ಆದರೆ ಹಾಗೆ ಹೇಳಲು ತನಗಿದ್ದ ಆಧಾರವನ್ನು ಓದುಗನ ಮುಂದಿಡುತ್ತಾನೆ: ಬೆಟ್ಟಗಳ ಬುಡದಲ್ಲಿ, ನೀರಿನ ರಭಸ ಹೆಚ್ಚಿರುವಲ್ಲಿ, ನೆಲ ಅಗೆದರೆ ದೊಡ್ಡ ದುಂಡುಗಲ್ಲುಗಳು, ದೂರ ಹೋದಂತೆ ಸಣ್ಣ ಕಲ್ಲುಗಳು, ಕೊನೆಗೆ ಹೊಳೆ ನಿಧಾನವಾಗುವಲ್ಲಿ ಬರೀ ಮರಳು. ಕಂಡದ್ದು ಯಾವುದು, ಅದರಿಂದ ತೆಗೆದ ತೀರ್ಮಾನ ಯಾವುದು ಎಂಬುದು ಅಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ತೀರ್ಮಾನವನ್ನು ಒಪ್ಪದವನು ಆಧಾರವನ್ನು ಪರೀಕ್ಷಿಸಬಹುದು. ಚಿತ್ರಕ್ಕೆ ಈ ಅನುಕೂಲವಿಲ್ಲ. ಚಿತ್ರದಲ್ಲಿ ಸಿಕ್ಕಿದ ಮೂಳೆಯೂ ಕಲ್ಪಿಸಿದ ಚರ್ಮವೂ ಒಂದೇ ಕುಂಚದಿಂದ, ಒಂದೇ ಧೈರ್ಯದಿಂದ ಮೂಡುತ್ತವೆ. "ಇರಬಹುದು" ಎಂಬ ಪದವನ್ನು ಬಣ್ಣದಲ್ಲಿ ಬರೆಯಲು ಬರುವುದಿಲ್ಲ.

ಆದ್ದರಿಂದ ಚಿತ್ರಕ್ಕೆ ಮಾತಿಗಿಂತ ಹೆಚ್ಚಿನ ಬಲ. ಅಮೆರಿಕದ ಚಾರ್ಲ್ಸ್ ನೈಟ್ ಎಂಬ ಕಲಾವಿದನನ್ನು ತೆಗೆದುಕೊಳ್ಳಿ. 1874ರಲ್ಲಿ ಹುಟ್ಟಿದ ಇವನಿಗೆ ಚಿಕ್ಕಂದಿನಲ್ಲೇ ಬಲಗಣ್ಣಿಗೆ ಕಲ್ಲೇಟು ಬಿದ್ದು, ದೃಷ್ಟಿ ಬಹಳ ಮಂದವಾಗಿತ್ತು. ಕ್ಯಾನ್‌ವಾಸಿಗೆ ಮುಖ ತಾಗುವಷ್ಟು ಹತ್ತಿರ ನಿಂತು ಬರೆಯುತ್ತಿದ್ದ. ಮೃಗಾಲಯಗಳಲ್ಲಿ ದಿನಗಟ್ಟಲೆ ಕೂತು ಜೀವಂತ ಪ್ರಾಣಿಗಳ ಸ್ನಾಯುಗಳನ್ನು ಅಭ್ಯಾಸ ಮಾಡಿ, ಆಮೇಲೆ ಸತ್ತವುಗಳ ಮೂಳೆಗೆ ಮಾಂಸ ತುಂಬುತ್ತಿದ್ದ. 1897ರಲ್ಲೇ ಅವನು ಎರಡು ಡೈನೋಸಾರ್‌ಗಳು ಬೆಕ್ಕುಗಳಂತೆ ಹಾರಿ ಕಾದಾಡುವ ಚಿತ್ರ ಬರೆದ. ಆದರೆ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಡೈನೋಸಾರ್‌ಗಳೆಂದರೆ ಬಾಲ ಎಳೆದುಕೊಂಡು ಕೆಸರಿನಲ್ಲಿ ತೆವಳುವ ಮಂದಜೀವಿಗಳು ಎಂಬ ಚಿತ್ರವೇ ಗೋಡೆಗಳನ್ನು ಆಳಿತು. 1969ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಓಸ್ಟ್ರಮ್ ಡೈನೊನಿಕಸ್ ಎಂಬ ಚುರುಕಾದ ಬೇಟೆಗಾರ ಪ್ರಾಣಿಯನ್ನು ವಿವರಿಸಿದಾಗ, ಅದು ಓಡುತ್ತಿರುವ ಚಿತ್ರ ಬರೆದವನು ಅವನ ವಿದ್ಯಾರ್ಥಿ ರಾಬರ್ಟ್ ಬ್ಯಾಕರ್. ಆಮೇಲೆಯೇ ಜನರ ಕಣ್ಣು ತಿರುಗಿದ್ದು. 1996ರಲ್ಲಿ ಚೀನಾದಲ್ಲಿ ಪುಕ್ಕದಂಥ ರೋಮವಿದ್ದ ಡೈನೋಸಾರ್ ಬೆಳಕಿಗೆ ಬಂತು. 2010ರಲ್ಲಿ ಅದರ ಬಾಲದಲ್ಲಿ ಕೆಂಗಂದು ಬಣ್ಣದ ಪಟ್ಟೆಗಳಿದ್ದವೆಂದು ಬಣ್ಣದ ಕಣಗಳ ಗುರುತಿನಿಂದ ತಿಳಿಯಿತು. ಮೊದಲಿನವರೆಲ್ಲ ಮೂಢರು, ಈಗಿನವರೆಲ್ಲ ಜ್ಞಾನಿಗಳು ಎಂದು ಹೇಳುವಂತಿಲ್ಲ. 1897ರ ಚಿತ್ರ ನಂತರದ ಎಷ್ಟೋ ಚಿತ್ರಗಳಿಗಿಂತ ನಿಜಕ್ಕೆ ಹತ್ತಿರವಿತ್ತು.

ಗುಣದ ಬಗೆಗಿನ ತೀರ್ಪು ಪ್ರಾಣಿಗಳಿಗೇ ನಿಲ್ಲುವುದಿಲ್ಲ. ಒವಿರಾಪ್ಟರ್‌ಗೆ ಹೆಸರಿಟ್ಟ ಓಸ್ಬರ್ನ್ ತನ್ನ ಕಾಲದ ದೊಡ್ಡ ವಿದ್ವಾಂಸ. ಆತ ಮನುಷ್ಯರಲ್ಲೂ ಮೇಲು ಕೀಳು ತಳಿಗಳಿವೆ ಎಂದು ನಂಬಿದ್ದ. ಬಿಳಿಯರಲ್ಲೂ ಉತ್ತರ ಯುರೋಪಿನವರೇ ಶ್ರೇಷ್ಠರೆಂದು ಸಾರಿದ ಮ್ಯಾಡಿಸನ್ ಗ್ರಾಂಟ್‌ನ ಪುಸ್ತಕಕ್ಕೆ 1916ರಲ್ಲಿ ಮುನ್ನುಡಿ ಬರೆದ. "ಒಳ್ಳೆಯ ತಳಿ"ಯ ಮನುಷ್ಯರನ್ನು ಬೆಳೆಸಬೇಕೆನ್ನುವವರ ಎರಡನೆಯ ಅಂತಾರಾಷ್ಟ್ರೀಯ ಸಮ್ಮೇಳನ 1921ರಲ್ಲಿ ಅವನದೇ ಮ್ಯೂಸಿಯಂನಲ್ಲಿ, ಅವನದೇ ಅಧ್ಯಕ್ಷತೆಯಲ್ಲಿ ನಡೆಯಿತು. ಒವಿರಾಪ್ಟರ್‌ಗೆ ಹೆಸರಿಟ್ಟ 1924ರಲ್ಲೇ ಅಮೆರಿಕ, ಏಷ್ಯಾದ ಹೆಚ್ಚಿನ ಜನರಿಗೆ ಬಾಗಿಲು ಮುಚ್ಚುವ, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬರುವವರನ್ನು ತೀರಾ ಕಡಿಮೆ ಮಾಡುವ ವಲಸೆ ಕಾನೂನನ್ನು ತಂದಿತು. ಒಂದೇ ವರ್ಷ ನಡೆಯಿತೆಂದು ಎರಡನ್ನೂ ನಾನು ಒಂದೇ ಗಂಟಿನಲ್ಲಿ ಕಟ್ಟುತ್ತಿಲ್ಲ. ಪಕ್ಕದಲ್ಲಿದ್ದದ್ದನ್ನೇ ಅಪರಾಧಕ್ಕೆ ಪುರಾವೆ ಮಾಡಿದರೆ ನಾನೂ ಅದೇ ತಪ್ಪು ಮಾಡಿದಂತಾಗುತ್ತದೆ. ಆದರೆ ತಲೆಬುರುಡೆಯ ಆಕಾರ ನೋಡಿ ಒಳಗಿನ ಗುಣವನ್ನು ಹೇಳಬಲ್ಲೆವೆಂಬ ಆತ್ಮವಿಶ್ವಾಸ ಆ ಕಾಲದ ಗಾಳಿಯಲ್ಲಿತ್ತು. ಸತ್ತ ಪ್ರಾಣಿಗೆ ಅದರಿಂದ ನೋವಾಗಲಿಲ್ಲ. ಬಂದರಿನಿಂದ ವಾಪಸು ಕಳುಹಿಸಲ್ಪಟ್ಟ ಮನುಷ್ಯನಿಗೆ ನೋವಾಗಿರಬೇಕು.

ಹಾಗಾದರೆ ತಪ್ಪು ಮಾಡಿದವರನ್ನು ಹುಡುಕಿ ಆರೋಪಿಸುವುದೇ ಕೂಡದೆ? ಹಾಗೂ ಅಲ್ಲ. ಗುಜರಾತಿನ ಢೋಲಿ ಡುಂಗ್ರಿ ಎಂಬ ಹಳ್ಳಿಯ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಧನಂಜಯ ಮೊಹಬೆಯವರು 1980ರ ದಶಕದಲ್ಲಿ ಡೈನೋಸಾರ್ ಗೂಡೊಂದನ್ನು ಕಂಡಿದ್ದರು. ಅಲ್ಲಿದ್ದ ಮೂಳೆಗಳೆಲ್ಲ ಡೈನೋಸಾರ್ ಮರಿಯವೆಂದೇ ಮೊದಲು ತಿಳಿಯಲಾಗಿತ್ತು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದನ್ನು ನೋಡಿ, ಕೆಲವು ಬೆನ್ನೆಲುಬುಗಳು ಹಾವಿನವೆಂದು ಗುರುತಿಸಿದರು. ಬಹಳ ಎಚ್ಚರಿಕೆಯ ಅಧ್ಯಯನದ ನಂತರ 2010ರಲ್ಲಿ ಪ್ರಕಟವಾದ ವಿವರವಿದು: ಸುಮಾರು ಮೂರೂವರೆ ಮೀಟರ್ ಉದ್ದದ ಹಾವು ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದೆ, ಪಕ್ಕದಲ್ಲಿ ಆಗತಾನೇ ಹೊರಬಂದ ಮರಿಯಿದೆ. ಅಂಥ ಹಾವುಗಳು ಬೇರೆ ಗೂಡುಗಳ ಬಳಿಯೂ ಸಿಕ್ಕಿವೆ. ಮರಿಗಳನ್ನು ತಿನ್ನಲು ಬಂದ ಹಾವೆಂದು ಹೇಳಲು ಇಲ್ಲಿ ಆಧಾರಗಳಿದ್ದವು, ಹೇಳಿದರು. ಆದರೂ ಅದಕ್ಕೆ ಕೊಟ್ಟ ಹೆಸರು ಸನಜೇಹ್ ಇಂಡಿಕಸ್. ಸಂಸ್ಕೃತ ಮೂಲದ ಆ ಹೆಸರು ಪ್ರಾಚೀನ ಬಗೆಯ ಬಾಯಿ ಎಂಬುದನ್ನು ಸೂಚಿಸುತ್ತದೆ. ಎದುರಿಗೆ ಪುರಾವೆಯಿದ್ದಾಗಲೂ ಅವರು ಹೆಸರಿನಲ್ಲಿ ಅಪರಾಧವನ್ನು ಬರೆಯಲಿಲ್ಲ, ಬಾಯಿ ಹೇಗಿತ್ತೆಂಬುದನ್ನಷ್ಟೇ ಬರೆದರು.

ಒಳ್ಳೆಯ ಉದ್ದೇಶದಿಂದಲೂ ನಾವು ಆತುರ ಪಡುತ್ತೇವೆ. ಗೋಬಿಯಲ್ಲಿ ಕಾವಿಗೆ ಕೂತ ಪ್ರಾಣಿ ಸಿಕ್ಕಾಗ ಅದಕ್ಕೆ "ಬಿಗ್ ಮಾಮಾ", ಅಂದರೆ ದೊಡ್ಡಮ್ಮ ಎಂದು ಪ್ರೀತಿಯಿಂದ ಅಡ್ಡಹೆಸರಿಟ್ಟರು. ಕಳ್ಳನನ್ನು ತಾಯಿ ಮಾಡಿದರು. ಆದರೆ ಅದು ಹೆಣ್ಣೆಂದು ಯಾರಿಗೆ ಗೊತ್ತು? 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೊಟ್ಟೆಗಳ ಒಟ್ಟು ಗಾತ್ರ ಮತ್ತು ಮೂಳೆಗಳ ಒಳರಚನೆಯನ್ನು ನೋಡಿ, ಈ ಜಾತಿಗಳಲ್ಲಿ ಕಾವಿಗೆ ಕೂರುತ್ತಿದ್ದದ್ದು ತಂದೆಯಿರಬಹುದು ಎಂದಿತು. ಎಲ್ಲರೂ ಅದನ್ನು ಒಪ್ಪಿಲ್ಲ. ಈ ನಡುವೆ ಚೀನಾದ ಗಾನ್‌ಝೋ ಎಂಬಲ್ಲಿ ಅದೇ ಕುಲದ ಪ್ರಾಣಿಯೊಂದು ಕನಿಷ್ಠ 24 ಮೊಟ್ಟೆಗಳ ಮೇಲೆ ಕೂತಂತೆ, ಮೊಟ್ಟೆಗಳೊಳಗೆ ಬೆಳೆದ ಭ್ರೂಣಗಳ ಸಮೇತ ಸಿಕ್ಕಿದೆ. ಕಾವು ಕೊಡುತ್ತಿದ್ದದ್ದು ಈಗ ಹೆಚ್ಚುಕಡಿಮೆ ಖಚಿತ. ತಾಯಿಯೋ ತಂದೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಳಂಕ ತೊಳೆಯುವ ಆತುರದಲ್ಲೂ ನಾವು ತಿಳಿಯದ್ದನ್ನು ತಿಳಿದಂತೆ ಹೇಳಿಬಿಡುತ್ತೇವೆ.

2012ರಲ್ಲಿ ಡ್ಯಾರೆನ್ ನೇಯ್ಶ್ ಎಂಬ ವಿಜ್ಞಾನಿ, ಜಾನ್ ಕಾನ್ವೇ ಮತ್ತು ಸಿ. ಎಂ. ಕೋಸೆಮನ್ ಎಂಬ ಚಿತ್ರಕಾರರು ಸೇರಿ "ಆಲ್ ಯೆಸ್ಟರ್‌ಡೇಸ್" ಎಂಬ ಪುಸ್ತಕ ತಂದರು. ನಮ್ಮ ಕಾಲದ ಪ್ರಾಣಿಗಳ ಮೂಳೆ ಮಾತ್ರ ಮುಂದೆಂದೋ ಯಾರಿಗಾದರೂ ಸಿಕ್ಕರೆ ಅವರು ಹೇಗೆ ಚಿತ್ರಿಸಬಹುದು ಎಂಬ ಪ್ರಶ್ನೆ ಅದರಲ್ಲಿದೆ. ಗರಿಗಳ ಸುಳಿವು ಸಿಗದ ಆ ಚಿತ್ರಕಾರನಿಗೆ ಹಂಸದ ರೆಕ್ಕೆಯ ಮೂಳೆಗಳು ಕುಡುಗೋಲಿನಂಥ ಆಯುಧಗಳಾಗಿ ಕಾಣುತ್ತವೆ. ನಮ್ಮ ದಸರಾ ಆನೆಯನ್ನೇ ಯೋಚಿಸಿ ನೋಡಿ. ಸೊಂಡಿಲಿನಲ್ಲಿ ಒಂದೂ ಮೂಳೆಯಿಲ್ಲ. ಬುರುಡೆ ಮಾತ್ರ ಕಂಡವನು ಸೊಂಡಿಲಿಲ್ಲದ, ಕೋರೆ ಚಾಚಿದ ಭೀಕರ ಮೃಗವನ್ನು ಬರೆದರೆ ಅಚ್ಚರಿಯಿಲ್ಲ. ಮಗುವಿನ ಕೈಯಿಂದ ಬಾಳೆಹಣ್ಣು ಇಸಿದುಕೊಳ್ಳುವ ಆ ಮೃದುತ್ವ ಮೂಳೆಯಲ್ಲಿ ಉಳಿಯುವುದಿಲ್ಲ. ಉಳಿಯುವುದು ಕೋರೆ. ಬೇರೆಯವರನ್ನು ಅಳೆಯುವಾಗಲೂ ನಮಗೆ ಕಾಣುವುದು ಹೆಚ್ಚಾಗಿ ಕೋರೆಯೇ.

ಪತ್ರಿಕೆ ತೆರೆದರೆ ಇದು ದಿನವೂ ನಡೆಯುತ್ತದೆ. ಘಟನೆ ನಡೆದ ಜಾಗದಲ್ಲಿ ಇದ್ದನೆಂದು ಒಬ್ಬನನ್ನು ಹಿಡಿದ ದಿನ ಅವನ ಚಿತ್ರ ಮುಖಪುಟದಲ್ಲಿ ಬರುತ್ತದೆ. ವರ್ಷಗಳ ನಂತರ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟರೆ ಒಳಪುಟದಲ್ಲಿ ನಾಲ್ಕು ಸಾಲು. ಒವಿರಾಪ್ಟರ್‌ನ ಕತೆಯೂ ಬೇರೆಯಲ್ಲ. ಅದು ಕಳ್ಳನಲ್ಲ ಎಂದು 1994ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆರು ವರ್ಷಗಳ ನಂತರ, 2000ದಲ್ಲಿ, ಡಿಸ್ನಿ ಕಂಪನಿ ತೆಗೆದ ಡೈನೋಸಾರ್ ಚಲನಚಿತ್ರದ ಆರಂಭದಲ್ಲೇ ಒವಿರಾಪ್ಟರ್ ಮತ್ತೊಬ್ಬರ ಗೂಡಿನಿಂದ ಮೊಟ್ಟೆ ಕದಿಯುತ್ತದೆ. ಹೆಸರನ್ನಂತೂ ಬದಲಿಸುವಂತಿಲ್ಲ. ಒಮ್ಮೆ ಕ್ರಮಬದ್ಧವಾಗಿ ಇಟ್ಟ ವೈಜ್ಞಾನಿಕ ಹೆಸರನ್ನು, ಅದರ ಅರ್ಥ ತಪ್ಪೆಂಬ ಕಾರಣಕ್ಕೆ ಕೈಬಿಡಲು ನಿಯಮಗಳು ಒಪ್ಪುವುದಿಲ್ಲ. ಮೊಟ್ಟೆ ಕದಿಯದ ಆ ಪ್ರಾಣಿ ಎಂದೆಂದಿಗೂ ಮೊಟ್ಟೆಗಳ್ಳನೇ.

ಇಷ್ಟನ್ನೂ ನಾನು ಆ ಮಗುವಿಗೆ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಚಿತ್ರವನ್ನು ನೋಡಿ, "ಅವರು ಸಾರಿ ಹೇಳಿದ್ರಾ?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಮೊದಲ ಸಲ ಚುಚ್ಚಿದ್ದೇ ಮತ್ತೆ ಚುಚ್ಚಿತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಮಳೆಗಾಲ ನಮ್ಮ ಶಾಲೆಯಲ್ಲಿ ನೆರೆ ಸಂತ್ರಸ್ತರಿಗೆಂದು ಚಂದಾ ಎತ್ತಿದ್ದೆವು. ನಲವತ್ತು ಚಿಲ್ಲರೆ ರೂಪಾಯಿ. ಒಂದು ಮಧ್ಯಾಹ್ನ ಮೇಜಿನ ಖಾನೆಯಿಂದ ಅದು ಕಾಣೆಯಾಯಿತು. ಊಟದ ಬಿಡುವಿನಲ್ಲಿ ತರಗತಿಯೊಳಗೆ ಒಬ್ಬನೇ ಇದ್ದವನು ಒಬ್ಬ ಸಹಪಾಠಿ. ಮೇಷ್ಟ್ರು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ಅವನು ಮಾತಾಡಲಿಲ್ಲ, ಮೌನವೇ ಒಪ್ಪಿಗೆಯೆಂದು ನಮಗೆ ಅನಿಸಿತು. ಅವತ್ತಿನಿಂದ ಅವನಿಗೊಂದು ಹೆಸರು ಬಿತ್ತು. ಅದನ್ನು ಕೂಗಿದವರಲ್ಲಿ ನಾನೂ ಒಬ್ಬ, ಬಹುಶಃ ಜೋರಾಗಿ ಕೂಗಿದವನು. ಎರಡು ವಾರ ಬಿಟ್ಟು ಹಣ ಕಪಾಟಿನ ಹಳೆಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಜೋಪಾನವಾಗಿರಲೆಂದು ಇಟ್ಟು ಮರೆತಿದ್ದರು. ಹಣ ಸಿಕ್ಕಿತೆಂದು ಹೇಳಿದರೇ ಹೊರತು ಮತ್ತೇನೂ ಹೇಳಲಿಲ್ಲ. ನಾವೂ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟರಲ್ಲಿ ಅದು ಬಾಯಿಗೆ ರೂಢಿಯಾಗಿತ್ತು. ಅವನು ಅಂದು ಯಾಕೆ ಒಳಗಿದ್ದ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಅವನ ಮನೆಯಿಂದ ಬುತ್ತಿ ಬರುತ್ತಿರಲಿಲ್ಲ. ನಾವೆಲ್ಲ ಜಗಲಿಯಲ್ಲಿ ಕೂತು ಉಣ್ಣುವಾಗ ಅದು ಯಾರಿಗೂ ಕಾಣಬಾರದೆಂದು ಅವನು ಒಳಗೇ ಇರುತ್ತಿದ್ದ.

ಅವನಿಗೆ ಈಗ ಊರಿನಲ್ಲಿ ಸಣ್ಣ ದಿನಸಿ ಅಂಗಡಿಯಿದೆ. ನಾನು ಎಷ್ಟೋ ಸಲ ಅಲ್ಲಿ ಸಾಮಾನು ಕೊಂಡಿದ್ದೇನೆ, ಮಳೆಯ ಬಗ್ಗೆ, ಅಡಿಕೆ ದರದ ಬಗ್ಗೆ ಮಾತಾಡಿದ್ದೇನೆ. ಅಕ್ಕನ ಮನೆಯಿಂದ ಹಿಂತಿರುಗಿದ ವಾರ ಹೋಗಿ, ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ಆ ದಿನದ ಮಾತೆತ್ತಿ ಕ್ಷಮೆ ಕೇಳಿದೆ.

ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಅದೆಲ್ಲ ಈಗ ಯಾಕೆ ಮಾರಾಯ" ಎಂದ. ಸಕ್ಕರೆ ಕಟ್ಟಿ ಕೈಗೆ ಕೊಟ್ಟು, ಚಿಲ್ಲರೆ ಎಣಿಸುತ್ತಾ ಮೆಲ್ಲಗೆ ಹೇಳಿದ: "ನನ್ನ ಮಗನನ್ನೂ ಶಾಲೆಯಲ್ಲಿ ಅದೇ ಹೆಸರಿನಿಂದ ಕರೀತಿದ್ರು."